ದೀಪ ಆರಿತು, ಬಿಸಿ ಆರಿಲ್ಲ



ನಾವು ಮಂಡ್ಯ ಕಡೆಯ ಹೆಂಗಸರು. ನಮ್ಮದು ಹನ್ನೊಂದು ಜನರ ನಾಟಕದ ಗುಂಪು. ಹಗಲು ಗದ್ದೆ ಕೆಲಸ, ಕಬ್ಬಿನ ಕೆಲಸ. ರಾತ್ರಿ ಅಕ್ಷರ ಕಲಿಯೋಕೆ ಒಂದು ಕಡೆ ಕೂತೆವು. ಅಲ್ಲಿ ಕೂತು ಮಾತಾಡ್ತಾ ಮಾತಾಡ್ತಾ ನಾಟಕ ಹುಟ್ಟಿತು. ಚಿಕ್ಕ ಹುಡುಗಿಗೆ ಮದುವೆ ಮಾಡಬಾರದು ಅನ್ನೋ ನಾಟಕ. ಮೊದಲು ಹಗಲು ಹೊತ್ತು ಅರಳಿ ಕಟ್ಟೆ ಮುಂದೆ ಆಡಿದೆವು. ಲೈಟೂ ಬೇಕಿರಲಿಲ್ಲ, ಪರದೆಯೂ ಬೇಕಿರಲಿಲ್ಲ. ಆಮೇಲೆ ಜನ ಹೇಳಿದರು: "ರಾತ್ರಿ ಆಡ್ರವ್ವ. ಕೆಲಸ ಮುಗಿಸಿ ಬಂದು ನಾವೂ ನೋಡ್ತೀವಿ."

ರಾತ್ರಿ ಆಟ ಅಂದ ಮೇಲೆ ಲೈಟು ಬಂತು.

ನಿಮ್ಮ ಗುಂಪೂ ಈಗ ರಾತ್ರಿ ನಾಟಕ ಆಡೋಕೆ ಹೊರಟಿದೆ ಅಂತ ಕೇಳಿದೆವು. ಸಂತೋಷ. ಮಾತು, ಹಾಡು, ವೇಷ ಹೇಳಿಕೊಡೋಕೆ ಬೇರೆಯವರಿದ್ದಾರೆ. ನಾವು ಲೈಟಿನ ವಿಷಯ ಹೇಳ್ತೀವಿ. ಲೈಟು ಚೆಂದ ಕಾಣಿಸೋದು ಹೇಗೆ ಅಂತ ಅಲ್ಲ. ಕೈ ಸುಟ್ಟುಕೊಳ್ಳದೆ ಲೈಟು ಹಾಕೋದು ಹೇಗೆ, ಇಳಿಸೋದು ಹೇಗೆ ಅಂತ.

ಮೊದಲು ನಮಗೆ ಆದದ್ದನ್ನು ಕೇಳಿ.

ಅದು ಆಷಾಢದ ಹೊತ್ತು. ಪಕ್ಕದ ಊರಿನಲ್ಲಿ ನಮ್ಮ ಆಟ. ಪೇಟೆಯ ಒಂದು ಬಾಡಿಗೆ ಅಂಗಡಿಯಿಂದ ಆರು ಫೋಕಸ್ ಲೈಟು ತಂದಿದ್ದೆವು. ಅಂಗಡಿಯವರು ಲೈಟು ಕೊಟ್ಟರು, ವೈರು ಕೊಟ್ಟರು, ದುಡ್ಡು ಎಣಿಸಿಕೊಂಡರು. ಇದು ಎಷ್ಟು ಕಾಯುತ್ತೆ ಅಂತ ಒಂದು ಮಾತು ಹೇಳಲಿಲ್ಲ. ನಾವೂ ಕೇಳಲಿಲ್ಲ.

ಆಟ ಮುಗಿದಾಗ ರಾತ್ರಿ ಹನ್ನೊಂದೂವರೆ. ಟೆಂಪೋದವನು ಹಾರನ್ ಹೊಡೀತಾನೆ. "ಬೇಗ ಬನ್ರವ್ವ, ನಾನು ಬೆಳಗ್ಗೆ ಬಾಡಿಗೆಗೆ ಹೋಗಬೇಕು" ಅಂತಾನೆ. ನಮ್ಮ ಗುಂಪಿನ ಎಲ್ಲರಿಗಿಂತ ಚಿಕ್ಕವಳು ಏಣಿ ಹತ್ತಿದಳು. ಲೈಟು ಆರಿಸಿ ಎರಡು ನಿಮಿಷ ಆಗಿತ್ತು ಅಷ್ಟೆ. ಕತ್ತಲೆಯಲ್ಲಿ ಅದು ಬರೀ ಕಬ್ಬಿಣದ ಡಬ್ಬದ ಹಾಗೆ ಕಂಡಿತು. ಒಂದು ಕೈಯಲ್ಲಿ ಬೋಲ್ಟು ತಿರುಗಿಸಿದಳು. ಇನ್ನೊಂದು ಅಂಗೈಯನ್ನು ಲೈಟಿನ ಕೆಳಗೆ ಪೂರ್ತಿ ಕೊಟ್ಟಳು.

ಸುಟ್ಟ ಕೂಡಲೇ ಯಾರಾದರೂ ಕೈ ಬಿಡ್ತಾರೆ. ಅವಳು ಬಿಡಲಿಲ್ಲ. ಬೋಲ್ಟು ಆಗಲೇ ಕಳಚಿತ್ತು. ಕೆಳಗೆ ಮಕ್ಕಳು ನಿಂತು ನೋಡ್ತಿದ್ದರು. ಬಿಟ್ಟರೆ ಲೈಟು ಮಕ್ಕಳ ತಲೆ ಮೇಲೆ ಬೀಳುತ್ತೆ. "ಮಕ್ಕಳನ್ನ ಎಳ್ಕೊಳ್ರೋ" ಅಂತ ಕೂಗಿದಳು. ಮಕ್ಕಳು ಪಕ್ಕಕ್ಕೆ ಹೋದ ಮೇಲೆ ಬಿಟ್ಟಳು. ನಾಲ್ಕೈದು ಸೆಕೆಂಡು ಇರಬಹುದು. ಅಂಗೈ ತೊಗಲು ಲೈಟಿನ ಮೇಲೇ ಉಳಿಯಿತು.

ಆಮೇಲೆ ನಾವು ಮಾಡಿದ್ದು ಇನ್ನೂ ದೊಡ್ಡ ತಪ್ಪು. ಯಾರೋ ಟೂತ್ ಪೇಸ್ಟ್ ತಂದರು. ಬಳಿದೆವು. ಯಾರೋ ಇಂಕು ಅಂದರು. ಅದನ್ನೂ ಹಾಕಿದೆವು. ಆಸ್ಪತ್ರೆಗೆ ಹೋದದ್ದು ಮಾರನೆ ದಿನ ಮಧ್ಯಾಹ್ನ. ಅಂಟಿಕೊಂಡಿದ್ದ ಪೇಸ್ಟನ್ನು ತೊಳೆದು ತೆಗೆಯುವಾಗ ಅವಳು ಅತ್ತದ್ದನ್ನು ನಾವು ಮರೆಯೋ ಹಾಗಿಲ್ಲ. ಆ ಸಲದ ನಾಟಿ ಕೆಲಸ ಅವಳಿಗೆ ಪೂರ್ತಿ ಹೋಯಿತು. ಬಲಗೈ ಕಿರುಬೆರಳು ಇವತ್ತಿಗೂ ನೆಟ್ಟಗೆ ನಿಲ್ಲೋಲ್ಲ.

ಊರಲ್ಲಿ ಮಾತು ಬಂತು. "ಹೆಣ್ಣುಮಕ್ಕಳಿಗೆ ಯಾಕೆ ಬೇಕಿತ್ತು ಲೈಟು? ಅದು ಗಂಡಸರ ಕೆಲಸ" ಅಂದರು. ನಾವು ಬಾಡಿಗೆ ಅಂಗಡಿಯ ಹುಡುಗರ ಕೈ ನೋಡಿದೆವು. ಅವರ ಬೆರಳ ತುದಿಯಲ್ಲೂ ಸುಟ್ಟ ಕಲೆ ಇದ್ದವು. ಬಿಸಿ ಕಬ್ಬಿಣಕ್ಕೆ ಗಂಡು ಹೆಣ್ಣು ಅಂತ ಗೊತ್ತಾಗೋಲ್ಲ. ಅವರಿಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಹಾಗಾಗಿ ಕೆಲಸ ಬಿಡೋದು ಬೇಡ, ಕಲಿಯೋಣ ಅಂತ ಕೂತೆವು.

ಈ ಲೈಟು ಯಾಕೆ ಇಷ್ಟು ಕಾಯುತ್ತೆ?

ನಮ್ಮ ಅಜ್ಜಂದಿರು ಬಯಲಾಟ ನೋಡಿದ್ದು ಪಂಜಿನ ಬೆಳಕಿನಲ್ಲಿ, ಎಣ್ಣೆ ದೀಪದಲ್ಲಿ. ಆಮೇಲೆ ಸೀಮೆಎಣ್ಣೆಯ ಗ್ಯಾಸ್ ಲೈಟು ಬಂತು. ಪಂಪು ಹೊಡೆದು ಹಚ್ಚೋದು. ಕರೆಂಟು ತಯಾರಾದದ್ದು ನಮ್ಮ ಶಿವನಸಮುದ್ರದಲ್ಲೇ, 1902ರಲ್ಲಿ. ಆದರೆ ಅದು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿಗೆ ಹೋಯಿತು. ಸುತ್ತಮುತ್ತಲ ಹಳ್ಳಿಗಳಿಗೆ ಬರೋಕೆ ಎಷ್ಟೋ ವರ್ಷ ಹಿಡಿಯಿತು. ಇರಲಿ, ಅದು ಬೇರೆ ಕತೆ.

ಪಂಜು ನೋಡಿದರೆ ಬೆಂಕಿ ಅಂತ ಗೊತ್ತಾಗುತ್ತೆ. ಮಗು ಕೂಡ ಹತ್ತಿರ ಹೋಗೋಲ್ಲ. ಫೋಕಸ್ ಲೈಟಿನಲ್ಲಿ ಬೆಂಕಿ ಕಾಣೋಲ್ಲ. ಒಳಗೆ ಟಂಗ್‌ಸ್ಟನ್ ಅನ್ನೋ ಲೋಹದ ಸಣ್ಣ ತಂತಿ ಇದೆ. ಕರೆಂಟು ಹರಿದಾಗ ಆ ತಂತಿ ಸುಮಾರು 2,800 ಡಿಗ್ರಿ ಕಾಯುತ್ತೆ. ಕುದಿಯೋ ನೀರು 100 ಡಿಗ್ರಿ. ಲೆಕ್ಕ ನೀವೇ ಹಾಕಿ. ಆ ತಂತಿ ಕಾದು ಕಾದು ಬೆಳ್ಳಗೆ ಹೊಳೆಯೋದೇ ನಮಗೆ ಕಾಣೋ ಬೆಳಕು. ಒಳಗೆ ಹೋದ ಕರೆಂಟಿನಲ್ಲಿ 100ಕ್ಕೆ ಸುಮಾರು 90 ಪಾಲು ಬರೀ ಕಾವಾಗಿ ಹೋಗುತ್ತೆ. ಬೆಳಕಾಗೋದು ಸ್ವಲ್ಪವೇ.

ಇಂಥ ಬಲ್ಬಿಗೆ ಹ್ಯಾಲೊಜನ್ ಬಲ್ಬು ಅಂತಾರೆ. ಅದರ ಗಾಜೇ 250 ಡಿಗ್ರಿಗಿಂತ ಹೆಚ್ಚು ಕಾದಿರುತ್ತೆ. ಅಷ್ಟು ಕಾಯದಿದ್ದರೆ ಆ ಬಲ್ಬು ಸರಿಯಾಗಿ ಕೆಲಸವನ್ನೇ ಮಾಡೋಲ್ಲ. ಗಾಜಿನ ಕಾವು ಸುತ್ತಲಿನ ತಗಡಿಗೆ ಇಳಿಯುತ್ತೆ. ರೊಟ್ಟಿ ಸುಟ್ಟ ಹಂಚನ್ನು ಒಲೆಯಿಂದ ಇಳಿಸಿದ ಕೂಡಲೇ ಬರಿಗೈಯಲ್ಲಿ ಹಿಡೀತೀರಾ? ಹಿಡಿಯೋಲ್ಲ. ಹಂಚು ಕಪ್ಪಗೇ ಇರುತ್ತೆ, ಆದರೂ ಬಿಸಿ ಅಂತ ನಿಮಗೆ ಗೊತ್ತು. ಲೈಟೂ ಹಾಗೇ. ದೀಪ ಆರಿರುತ್ತೆ, ಬಿಸಿ ಆರಿರೋಲ್ಲ.

ಈಗ ಒಂದು ಓದೋ ಕೆಲಸ ಹೇಳ್ತೀವಿ. ಬಲ್ಬಿನ ಮೇಲೆ, ಲೈಟಿನ ಹಿಂದೆ ಅಂಕಿ ಬರೆದಿರುತ್ತೆ. 500, ಇಲ್ಲಾ 1000. ಅದು ವ್ಯಾಟಿನ ಲೆಕ್ಕ. ಬಟ್ಟೆ ಇಸ್ತ್ರಿ ಮಾಡೋ ಕರೆಂಟ್ ಪೆಟ್ಟಿಗೆ ಸುಮಾರು 1000 ವ್ಯಾಟು. ಅಂದರೆ 1000 ಅಂತ ಬರೆದ ಒಂದು ಲೈಟು ನೇತು ಹಾಕಿದರೆ, ತಲೆ ಮೇಲೆ ಒಂದು ಕಾದ ಇಸ್ತ್ರಿಪೆಟ್ಟಿಗೆ ನೇತು ಹಾಕಿದ ಹಾಗೆ. ಕೆಲವು ಲೈಟುಗಳ ಹಿಂದೆ ಇನ್ನೊಂದು ಅಂಕಿ ಇರುತ್ತೆ. ಪಕ್ಕದಲ್ಲಿ ಚಿಕ್ಕ ಚಿತ್ರ, ಲೈಟಿನಿಂದ ಬೆಳಕು ಹೊರಡೋ ಹಾಗೆ. 0.8 ಅಂತಲೋ 1 ಅಂತಲೋ ಬರೆದಿರುತ್ತೆ. ಅಷ್ಟು ಮೀಟರ್ ಒಳಗೆ ಹತ್ತಿಕೊಳ್ಳೋ ಸಾಮಾನು ಇರಬಾರದು ಅಂತ ಅದರ ಅರ್ಥ. ಈ ಅಂಕಿ ನಮ್ಮ ಲೈಟಿನ ಮೇಲೂ ಇತ್ತು. ಅಕ್ಷರ ಕಲಿಯೋ ಮುಂಚೆ ಅದು ನಮಗೆ ಬರೀ ಗೀಟು. ಕಲಿತ ಮೇಲೂ ಓದಬೇಕು ಅಂತ ನಮಗೆ ಹೊಳೆದಿರಲಿಲ್ಲ.

ಅಂಕಿ ಅಳಿಸಿಹೋಗಿದ್ದರೆ? ಬಾಡಿಗೆ ಲೈಟಿನಲ್ಲಿ ಬಹಳ ಸಲ ಅಳಿಸಿಹೋಗಿರುತ್ತೆ. ಆಗ ಒಂದು ಆಳಿನ ಉದ್ದದಷ್ಟಾದರೂ ದೂರ ಬಿಡಿ. ನಮ್ಮೂರ ಕಡೆ ರಂಗಕ್ಕೆ ತೆಂಗಿನ ಗರಿಯ ಚಪ್ಪರ ಹಾಕ್ತಾರೆ. ಒಣಗಿದ ಗರಿ ಅಂದರೆ ಒಲೆ ಹಚ್ಚೋ ಸಾಮಾನು. ಅದಕ್ಕೆ ತಾಗೋ ಹಾಗೆ ಯಾವತ್ತೂ ಲೈಟು ಕಟ್ಟಬೇಡಿ. ಪರದೆ ಗಾಳಿಗೆ ಹಾರುತ್ತೆ. ಹಾರಿದಾಗ ಎಲ್ಲಿವರೆಗೆ ಬರುತ್ತೆ ನೋಡಿ, ಅದಕ್ಕಿಂತ ದೂರ ಕಟ್ಟಿ.

ಪರದೆಯ ಮಾತು ಬಂತು, ಒಂದು ಹಳೆಯ ಸಂಗತಿ ಹೇಳ್ತೀವಿ. ಅಮೆರಿಕ ದೇಶದಲ್ಲಿ ಶಿಕಾಗೊ ಅಂತ ಪಟ್ಟಣ. ಅಲ್ಲಿ ಹೊಸದಾಗಿ ಕಟ್ಟಿದ ದೊಡ್ಡ ನಾಟಕ ಶಾಲೆ ಇತ್ತು. 1903ರ ಡಿಸೆಂಬರ್ 30, ಮಧ್ಯಾಹ್ನದ ಆಟ. ರಜೆ ದಿನಗಳು. ತಾಯಂದಿರು ಮಕ್ಕಳನ್ನು ಕರಕೊಂಡು ಬಂದಿದ್ದರು. ರಂಗದ ಮೇಲಿನ ಒಂದು ಲೈಟಿನಿಂದ ಪರದೆಗೆ ಬೆಂಕಿ ಹತ್ತಿತು. ಒಂದೇ ಲೈಟು. ಬೆಂಕಿ ತಡೆಯೋಕೆ ಅಂತ ಇದ್ದ ಪರದೆ ಪೂರ್ತಿ ಕೆಳಗೆ ಇಳಿಯಲಿಲ್ಲ, ನಡುವೆ ಸಿಕ್ಕಿಕೊಂಡಿತು. ಎಷ್ಟೋ ಬಾಗಿಲುಗಳಿಗೆ ಬೀಗ. 600ಕ್ಕೂ ಹೆಚ್ಚು ಜನ ಸತ್ತರು. ನಮ್ಮದು ಬಯಲು ರಂಗ, ಜನ ಓಡಿಹೋಗೋಕೆ ಜಾಗ ಇದೆ. ಆದರೆ ಮೇಲೆ ಗರಿ ಇದೆ, ಸುತ್ತ ಬಟ್ಟೆ ಇದೆ. ಅದಕ್ಕೇ ನಮ್ಮ ಆಟದಲ್ಲಿ ಎರಡು ಬಕೆಟ್ ಮರಳು, ಎರಡು ಬಕೆಟ್ ನೀರು ಇಲ್ಲದೆ ಗಂಟೆ ಬಾರಿಸೋಲ್ಲ. ನೀರು ಬಟ್ಟೆಗೆ, ಗರಿಗೆ. ಕರೆಂಟಿಗೆ ಮರಳು ಮಾತ್ರ. ಅದೂ ಮೈನ್ ಸ್ವಿಚ್ ಆರಿಸಿದ ಮೇಲೆ.

ಇನ್ನು ಬಣ್ಣದ ಬೆಳಕು. ಕೆಂಪು ಬೆಳಕು ಬೇಕು ಅಂತ ಲೈಟಿಗೆ ಬಣ್ಣದ ಕಾಗದ ಅಂಟಿಸಬೇಡಿ. ಹಳೆ ಸೀರೆ ತುಂಡು ಕಟ್ಟಬೇಡಿ. ನಾವು ಒಂದು ಸಲ ಗಾಳಿಪಟದ ಕಾಗದ ಹಾಕಿ ನೋಡಿದೆವು. ಎರಡು ಹಾಡು ಮುಗಿಯೋದರೊಳಗೆ ಕಂದು ಬಣ್ಣಕ್ಕೆ ತಿರುಗಿ ಹೊಗೆ ಬಂತು. ಕಾವು ತಡೆಯೋ ಬಣ್ಣದ ಹಾಳೆ ಅಂಗಡಿಯಲ್ಲೇ ಸಿಗುತ್ತೆ. ಅದನ್ನು ಲೈಟಿನ ಮುಂದಿನ ಚೌಕಟ್ಟಿನಲ್ಲಿ ಹಾಕೋದು. ಆಟದ ನಡುವೆ ಬದಲಿಸೋಕೆ ಹೋಗಬೇಡಿ. ನಮ್ಮ ಇನ್ನೊಬ್ಬ ಅಕ್ಕನ ಬೆರಳು ಸುಟ್ಟದ್ದು ಆ ಚೌಕಟ್ಟು ಎಳೆಯುವಾಗಲೇ.

ಉಡುಪಿನ ಮಾತು ಹೇಳಲೇಬೇಕು. ಲೈಟಿನ ಹತ್ತಿರ ಹೋಗುವವಳು ನೈಲಾನ್ ಸೀರೆ ಉಡಬಾರದು. ಅದು ಉರಿಯೋದಷ್ಟೇ ಅಲ್ಲ, ಕರಗಿ ಮೈಗೆ ಅಂಟುತ್ತೆ. ದಪ್ಪ ಹತ್ತಿ ಬಟ್ಟೆ ಇರಲಿ. ನಾವು ಹತ್ತಿ ಚೂಡಿದಾರ ಹಾಕ್ತೀವಿ, ಮೇಲೆ ಗಂಡಸರ ತುಂಬು ತೋಳಿನ ಅಂಗಿ. ನಗೋರು ನಗಲಿ. ಸೀರೆಯೇ ಉಡ್ತೀವಿ ಅಂದರೆ ಸೆರಗು ಸುತ್ತಿ ಸೊಂಟಕ್ಕೆ ಸಿಕ್ಕಿಸಿ. ಜಡೆ ಮೇಲೆ ಕಟ್ಟಿ. ಬಳೆ, ಉಂಗುರ, ವಾಚು ತೆಗೆದಿಡಿ. ಲೋಹದ ಬಳೆ ಕಾದ ತಗಡಿಗೆ ತಾಗಿದರೆ ಮಣಿಕಟ್ಟಿನ ಸುತ್ತ ಬರೆ ಬೀಳುತ್ತೆ. ಪ್ಲಾಸ್ಟಿಕ್ ಬಳೆ ಕರಗುತ್ತೆ. ಬಗ್ಗಿದಾಗ ತಾಳಿ ಸರ ಮುಂದೆ ಜೋತಾಡುತ್ತೆ, ಅದನ್ನು ರವಿಕೆ ಒಳಗೆ ಹಾಕಿಕೊಳ್ಳಿ. ಬಳೆ ತೆಗೆಯೋದು ಬೇಡ, ಅಪಶಕುನ ಅಂತ ನಮ್ಮಲ್ಲೂ ಕೆಲವರು ಅಂದರು. ಆಗ ಒಬ್ಬ ಹಿರಿಯಕ್ಕ, "ನಾಟಿ ಗದ್ದೆಗೆ ಇಳಿಯುವಾಗ ಚಪ್ಪಲಿ ಬಿಡೋಲ್ವಾ? ಹಾಗೇ ಇದು, ಕೆಲಸ ಮುಗಿದ ಮೇಲೆ ಹಾಕ್ಕೊಳ್ಳಿ" ಅಂದರು. ಅಲ್ಲಿಗೆ ಆ ಮಾತು ನಿಂತಿತು.

ಕೈಗೆ ಚರ್ಮದ ಗ್ಲೌಸು ಬೇಕು. ಪೇಟೆಯಲ್ಲಿ ವೆಲ್ಡಿಂಗ್ ಕೆಲಸದವರು ಹಾಕ್ತಾರಲ್ಲ, ಅಂಥದ್ದು. ರಬ್ಬರಿನದು ಬೇಡ, ಕರಗುತ್ತೆ. ನಾವು ಎರಡು ಜೊತೆ ಕೊಂಡೆವು, ಗುಂಪಿನ ದುಡ್ಡಿನಲ್ಲಿ. ಅದು ಇಲ್ಲದಿದ್ದರೆ ಒಲೆ ಮೇಲಿನ ಪಾತ್ರೆ ಇಳಿಸೋ ಮಸಿಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಹಿಡಿಯಿರಿ. ಬಟ್ಟೆ ಒಣಗಿರಬೇಕು. ಒದ್ದೆ ಬಟ್ಟೆ ಹಿಡಿದರೆ ಹಬೆ ಎದ್ದು ಕೈ ಸುಡುತ್ತೆ. ಕರೆಂಟೂ ಹೊಡೆಯಬಹುದು. ಗ್ಲೌಸು ಇದೆ ಅಂತ ಉರಿಯೋ ಲೈಟನ್ನು ಎಲ್ಲೆಂದರಲ್ಲಿ ಹಿಡಿಯೋದೂ ಸರಿಯಲ್ಲ. ತಿರುಗಿಸಬೇಕಾದರೆ ಹಿಂದಿನ ಹಿಡಿ ಹಿಡಿದು ತಿರುಗಿಸಿ. ಯಾವ ಲೈಟು ಎತ್ತ ಮುಖ ಮಾಡಬೇಕು ಅನ್ನೋದನ್ನು ಸಂಜೆಯೇ, ಲೈಟು ತಣ್ಣಗಿರುವಾಗಲೇ ಗೊತ್ತು ಮಾಡಿಕೊಂಡರೆ ಆಟದ ನಡುವೆ ಮುಟ್ಟೋ ಕೆಲಸವೇ ಬರೋಲ್ಲ.

ಬಲ್ಬು ಹೋಯಿತು ಅನ್ನಿ. ಹೊಸದು ಹಾಕಬೇಕು. ಮೊದಲು ಪ್ಲಗ್ಗು ಕೀಳಬೇಕು. ಡಿಮ್ಮರಿನಲ್ಲಿ ಬೆಳಕು ಇಳಿಸಿದರೆ ಸಾಲದು, ಒಳಗೆ ಕರೆಂಟು ಇರಬಹುದು. ಆಮೇಲೆ ತಣಿಯೋಕೆ ಬಿಡಬೇಕು. ಹೊಸ ಹ್ಯಾಲೊಜನ್ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು. ನಮ್ಮ ಬೆರಳಿನಲ್ಲಿ ಜಿಡ್ಡಿರುತ್ತೆ. ಜಿಡ್ಡು ತಾಗಿದ ಕಡೆ ಗಾಜು ಹೆಚ್ಚು ಕಾದು ಒಡೆದು ಹೋಗುತ್ತೆ. ಬಲ್ಬು ಸುತ್ತಿ ಬಂದ ಕಾಗದದಲ್ಲೇ ಹಿಡಿದು ಹಾಕಿ. ಕಾದ ಬಲ್ಬಿನ ಮೇಲೆ ನೀರಿನ ಹನಿ ಬಿದ್ದರೂ ಗಾಜು ಸಿಡಿಯಬಹುದು. ಬಯಲಿನಲ್ಲಿ ಆಡೋರಿಗೆ ಇದು ಮುಖ್ಯ. ಹನಿ ಮಳೆ ಶುರುವಾದರೆ ನಾವು ಮೈನ್ ಆರಿಸಿಬಿಡ್ತೀವಿ. ಜನ ಕೂಗಾಡ್ತಾರೆ, ಕೂಗಾಡಲಿ. ಲೈಟಿನ ಮುಂದೆ ಕಬ್ಬಿಣದ ಜಾಲರಿ ಇದೆಯಾ ಅಂತ ಬಾಡಿಗೆಗೆ ತರುವಾಗಲೇ ನೋಡಿ. ಪ್ರತಿ ಲೈಟನ್ನೂ ಒಂದು ಸರಪಣಿಯಿಂದ ಕಂಬಕ್ಕೆ ಕಟ್ಟಿ. ಅವತ್ತು ನಮ್ಮಲ್ಲಿ ಆ ಸರಪಣಿ ಇದ್ದಿದ್ದರೆ ಆ ಹುಡುಗಿ ಕೂಡಲೇ ಕೈ ಬಿಡಬಹುದಿತ್ತು.

ವೈರು ಕೂಡ ಕಾಯುತ್ತೆ. 1000 ವ್ಯಾಟಿನ ಒಂದು ಲೈಟು ನಾಲ್ಕು ಆಂಪಿಯರಿಗಿಂತ ಸ್ವಲ್ಪ ಹೆಚ್ಚು ಕರೆಂಟು ಎಳೆಯುತ್ತೆ. ಮನೆಯ ಚಿಕ್ಕ ಪ್ಲಗ್ ಪಾಯಿಂಟಿಗೆ ಅಂಥದ್ದು ಒಂದೇ ಸಾಕು. ಎರಡು ಹಾಕಿದರೆ ಪ್ಲಗ್ಗು ಕರಗುತ್ತೆ. ಸುರುಳಿ ಸುತ್ತಿದ ವೈರನ್ನು ಪೂರ್ತಿ ಬಿಚ್ಚಿ ಹಾಸಿ. ಸುರುಳಿಯಲ್ಲೇ ಬಿಟ್ಟರೆ ಕಾವು ಒಳಗೇ ಸೇರಿಕೊಂಡು ಮೇಲಿನ ಪ್ಲಾಸ್ಟಿಕ್ ಕರಗುತ್ತೆ. ಕರೆಂಟಿನ ಜೋಡಣೆ ಮಾತ್ರ ಕೆಲಸ ಬಲ್ಲ ಲೈನ್‌ಮನ್ ಕೈಯಲ್ಲೇ ಮಾಡಿಸಿ. ಕಂಬದಿಂದ ಕೊಕ್ಕೆ ಹಾಕೋದು ಬೇಡವೇ ಬೇಡ.

ಈಗ ಎಲ್.ಇ.ಡಿ. ಲೈಟು ಬಂದಿದೆ. ಅದರ ಬೆಳಕಿನಲ್ಲಿ ಅಷ್ಟು ಕಾವಿಲ್ಲ, ಕರೆಂಟೂ ಕಡಿಮೆ. ಸಿಕ್ಕರೆ ಅದನ್ನೇ ತನ್ನಿ ಅಂತ ನಾವು ಹೇಳೋದು. ಆದರೆ ಅದರ ಬೆನ್ನಿನ ತಗಡು ಕಾಯುತ್ತೆ, ಮುಟ್ಟೋ ಮುಂಚೆ ಗಮನ ಇರಲಿ. ಎರಡು ಬಗೆಯ ಲೈಟನ್ನೂ ಬೆರೆಸಿ ಕೊಡೋ ಅಂಗಡಿಗಳಿವೆ. ಎಲ್.ಇ.ಡಿ. ಅಂತ ತಿಳಿದು ಹ್ಯಾಲೊಜನ್ ಮುಟ್ಟಿಬಿಟ್ಟೀರಿ. ನಾವು ಹ್ಯಾಲೊಜನ್ ಲೈಟಿನ ಹಿಡಿಗೆ ಕೆಂಪು ಬಟ್ಟೆ ಚೂರು ಕಟ್ಟಿ ಗುರುತು ಮಾಡ್ತೀವಿ.

ಇಷ್ಟೆಲ್ಲಾ ಮಾಡಿದರೂ ಒಂದು ದಿನ ಯಾರಿಗಾದರೂ ಸುಡಬಹುದು. ಆಗ ಏನು ಮಾಡಬೇಕು? ಇದನ್ನು ನಿಧಾನವಾಗಿ ಓದಿ. ಪಕ್ಕದವರಿಗೂ ಓದಿ ಹೇಳಿ.

ಕೂಡಲೇ ತಣ್ಣೀರು. ಹರಿಯೋ ತಣ್ಣೀರಿನ ಕೆಳಗೆ 20 ನಿಮಿಷ ಕೈ ಹಿಡಿಯಬೇಕು. ನಲ್ಲಿ ಇಲ್ಲದಿದ್ದರೆ ಚೊಂಬಿನಿಂದ ಸುರಿಯುತ್ತಾ ಇರಿ. 20 ನಿಮಿಷ ಅಂದರೆ ಬಹಳ ಹೊತ್ತು, ಗಡಿಯಾರ ನೋಡಿಯೇ ನಿಲ್ಲಿಸಿ. ಐಸು ಇಡಬೇಡಿ. ಬಳೆ ಉಂಗುರ ಇದ್ದರೆ ಊದಿಕೊಳ್ಳೋ ಮುಂಚೆ ತೆಗೆಯಿರಿ. ಬಟ್ಟೆ ಗಾಯಕ್ಕೆ ಅಂಟಿದ್ದರೆ ಎಳೆಯಬೇಡಿ. ಬೊಬ್ಬೆ ಎದ್ದರೆ ಒಡೆಯಬೇಡಿ. ಆಮೇಲೆ ಒಗೆದ ಮೆತ್ತನೆ ಹತ್ತಿ ಬಟ್ಟೆಯನ್ನು ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಹೊರಡಿ. ಪೇಸ್ಟು, ಇಂಕು, ಅರಿಶಿನ, ತುಪ್ಪ, ಬೆಣ್ಣೆ, ಮೊಟ್ಟೆ, ಯಾವುದೂ ಬೇಡ. ನಮ್ಮ ಅತ್ತೆಯಂದಿರು ಹಾಕಿದ್ದು, ನಾವೂ ಹಾಕಿದ್ದು, ಒಪ್ಪಿಕೊಳ್ತೀವಿ. ಅವು ಕಾವನ್ನು ಒಳಗೇ ಹಿಡಿದಿಡುತ್ತವೆ. ಗಾಯ ಕೀವಾಗೋಕೂ ದಾರಿ ಮಾಡುತ್ತವೆ.

ಸುಟ್ಟದ್ದು ಅವಳ ಅಂಗೈಗಿಂತ ಅಗಲ ಇದ್ದರೆ, ಮುಖ, ಕೈ, ಪಾದ, ಕೀಲಿನ ಮೇಲೆ ಇದ್ದರೆ, ಬೆಳಿಗ್ಗೆ ನೋಡೋಣ ಅಂತ ಕೂರಬೇಡಿ. 108ಕ್ಕೆ ಫೋನ್ ಮಾಡಿದರೆ ಗಾಡಿ ಬರುತ್ತೆ, ದುಡ್ಡು ಕೊಡಬೇಕಾಗಿಲ್ಲ. ಕರೆಂಟು ಹೊಡೆದಿದ್ದರೆ ಮೊದಲು ಮೈನ್ ಆರಿಸಿ, ಆಮೇಲೆ ಅವಳನ್ನು ಮುಟ್ಟಿ. ಮೇಲೆ ಗಾಯ ಚಿಕ್ಕದಿದ್ದರೂ ಒಳಗೆ ದೊಡ್ಡದಿರಬಹುದು, ಡಾಕ್ಟರಿಗೆ ತೋರಿಸಲೇಬೇಕು. ಸೀರೆಗೆ ಬೆಂಕಿ ಹತ್ತಿದರೆ ಓಡಬಾರದು. ಓಡಿದರೆ ಗಾಳಿಗೆ ಬೆಂಕಿ ಏಳುತ್ತೆ. ನೆಲಕ್ಕೆ ಬಿದ್ದು ಹೊರಳಬೇಕು. ಪಕ್ಕದವರು ದಪ್ಪ ಹತ್ತಿ ಜಮಖಾನವೋ ಕಂಬಳಿಯೋ ಹೊದಿಸಿ ಆರಿಸಬೇಕು.

ಈಗ ನಮ್ಮ ಗುಂಪಿನಲ್ಲಿ ಒಂದು ಚೀಟಿ ಇದೆ. ಲೈಟು ಬಾಡಿಗೆಗೆ ತರುವಾಗ ನಾವೇ ಬರೆದು ಅಂಗಡಿಯವರ ಸಹಿ ಹಾಕಿಸ್ತೀವಿ. ಎಷ್ಟು ಲೈಟು, ಎಷ್ಟು ವ್ಯಾಟು, ಜಾಲರಿ ಇದೆಯಾ, ಸರಪಣಿ ಇದೆಯಾ. ಕೊನೆಯ ಸಾಲು: "ಆಟ ಮುಗಿದ ಅರ್ಧ ಗಂಟೆ ಮೇಲೆ ಲೈಟು ಇಳಿಸುತ್ತೇವೆ." ಟೆಂಪೋದವನಿಗೂ ಅದನ್ನು ಮುಂಚೆಯೇ ಓದಿ ಹೇಳ್ತೀವಿ. ಮೊದಲು ಗೊಣಗಿದ. ಈಗ ಅಭ್ಯಾಸ ಆಗಿದೆ.

ಆ ಚೀಟಿ ಬರೆಯೋಳು ಅವಳೇ, ಕೈ ಸುಟ್ಟುಕೊಂಡವಳು. ಲೈಟು ಇಳಿಸೋಳೂ ಅವಳೇ. ಅರ್ಧ ಗಂಟೆ ಕಳೆದ ಮೇಲೂ ಗ್ಲೌಸು ಹಾಕ್ಕೋತಾಳೆ. ಮೊದಲು ಮುಂಗೈಯನ್ನು ಲೈಟಿನ ಹತ್ತಿರ ಹಿಡಿದು, ಮುಟ್ಟದೆ, ಕಾವು ಬರ್ತಿದೆಯಾ ನೋಡ್ತಾಳೆ. ಬರ್ತಿದ್ದರೆ ಏಣಿ ಇಳಿದು ಬರ್ತಾಳೆ. ಅಷ್ಟು ಹೊತ್ತು ನಾವು ರಂಗದ ಮೇಲೇ ಕೂತು ಬುತ್ತಿ ಬಿಚ್ಚಿ ಊಟ ಮಾಡ್ತೀವಿ. ಟೆಂಪೋದವನಿಗೂ ಒಂದು ಮುದ್ದೆ ಎತ್ತಿಟ್ಟಿರ್ತೀವಿ.